ಪೂಲ್ ಬೇಲಿ ತಪಾಸಣೆಯಲ್ಲಿ ಫೇಲಾಗಿದೆ, ಕೈಯಲ್ಲಿ 90 ದಿನ ಇದೆ

ಓದುಗರ ಪ್ರಶ್ನೆ

ಸಿಡ್ನಿಯ ಪಶ್ಚಿಮದ ಬಡಾವಣೆಯೊಂದರಲ್ಲಿ ಹೋದ ತಿಂಗಳು ಮನೆ ತಗೊಂಡೆವು. ಹಿತ್ತಲಲ್ಲಿ 2015ರಲ್ಲಿ ಕಟ್ಟಿಸಿದ ಈಜುಕೊಳ ಇದೆ. ಮಾರಾಟದ ಕಾಗದಪತ್ರದ ಜೊತೆ ನಾನ್-ಕಂಪ್ಲಯನ್ಸ್ ಸರ್ಟಿಫಿಕೇಟ್, ಎಂದರೆ ಪೂಲ್ ಬೇಲಿ ನಿಯಮದ ಪ್ರಕಾರ ಇಲ್ಲ ಎಂಬ ಪತ್ರ, ಇತ್ತು. ಸೆಟಲ್‌ಮೆಂಟ್ ಆದ (ಹಣ ಕೊಟ್ಟು ಮನೆ ನಮ್ಮ ಹೆಸರಿಗಾದ) 90 ದಿನದೊಳಗೆ ಸರಿಪಡಿಸಬೇಕು ಎಂದು ವಕೀಲರು ಹೇಳಿದ್ದಾರೆ. ತಪಾಸಕರು ಬರೆದ ದೋಷಗಳು ಇವು: ಗೇಟು ತಾನಾಗಿ ಚಿಲಕ ಬೀಳುವಷ್ಟು ಮುಚ್ಚುವುದಿಲ್ಲ. ಚಿಲಕದ ಗುಂಡಿ 1440 ಮಿ.ಮೀ. ಎತ್ತರದಲ್ಲಿದೆ. ಬೇಲಿಯ ಕೆಳಗೆ ಒಂದು ಕಡೆ 130 ಮಿ.ಮೀ. ಸಂದು ಇದೆ. ಪಕ್ಕದ ಮನೆ ಕಡೆಯ ಗಡಿ ಬೇಲಿ ನಮ್ಮ ಒಳಗಿನಿಂದ 1620 ಮಿ.ಮೀ. ಮಾತ್ರ ಇದೆ. ಅಡುಗೆಮನೆ ಕಿಟಕಿ ಪೂಲ್ ಕಡೆಗೆ ಪೂರ್ತಿ ತೆರೆಯುತ್ತದೆ. ಸಿಪಿಆರ್ (ಉಸಿರು ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವ ಕ್ರಮ) ಬೋರ್ಡು ಬಿಸಿಲಿಗೆ ಬಿಳಿಚಿಕೊಂಡಿದೆ.

ಮಗನಿಗೆ ಈಗ ಮೂರು ತುಂಬಿದೆ. ಮೈಸೂರಿನಿಂದ ಅತ್ತೆ ಮಾವ ಆರು ತಿಂಗಳಿಗೆ ಬಂದಿದ್ದಾರೆ. ಬಟ್ಟೆ ಒಣಹಾಕುವ ತಂತಿ ಪೂಲ್ ಬೇಲಿಯ ಒಳಗಿದೆ. ಅತ್ತೆಗೆ ಭುಜದ ನೋವು, ಚಿಲಕ ಎತ್ತಲು ಕಷ್ಟ. ಹಾಗಾಗಿ ಬೆಳಿಗ್ಗೆ ಗೇಟು ಮುಚ್ಚದಂತೆ ಒಂದು ಇಟ್ಟಿಗೆ ಒರಗಿಸಿಬಿಡುತ್ತಾರೆ. ಬಿಸಿಲು ಚೆನ್ನಾಗಿ ಬೀಳುತ್ತದೆಂದು ತುಳಸಿ ಕುಂಡವನ್ನೂ ಬೇಲಿಗೆ ತಾಗಿಸಿ ಇಟ್ಟಿದ್ದಾರೆ. “ನಾವೆಲ್ಲ ಕೆರೆ ದಂಡೇಲೇ ಬೆಳೆದ್ವಿ, ಯಾವ ಬೇಲಿ ಇತ್ತಮ್ಮ?” ಅಂತಾರೆ ಮಾವ. ಕ್ಯಾಲಿಫೋರ್ನಿಯಾದಲ್ಲಿರುವ ಅಕ್ಕ ಅಲಾರಂ ಮತ್ತು ಕವರ್ ಹಾಕಿಸಿದರೆ ಸಾಕು ಅಂತಾಳೆ. ನಮ್ಮ ಹಿತ್ತಲಿನಾಚೆಯ ಮನೆಯವರ ಹಳೆಯ ಪೂಲ್‌ಗೆ ಮನೆಯಿಂದ ನೇರ ಬಾಗಿಲೇ ಇದೆ, ಅವರಿಗೆ ಯಾರೂ ಏನೂ ಕೇಳಿಲ್ಲವಂತೆ. ನೀರು ಖಾಲಿ ಮಾಡಿಬಿಟ್ಟರೆ ಆಯ್ತಲ್ಲ ಅನ್ನುವುದು ನನ್ನವರ ವಾದ. ಇದರಲ್ಲಿ ಯಾವುದು ಸರಿ? ಎಲ್ಲಿಂದ ಶುರು ಮಾಡಲಿ?

ಉತ್ತರ

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಹೆಣೆದುಕೊಂಡಿವೆ. 90 ದಿನದ್ದು ಒಂದು, ಮೂರು ವರ್ಷದ ಮಗುವಿನದು ಇನ್ನೊಂದು. ಮೊದಲನೆಯದು ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಆರು ದೋಷಗಳಲ್ಲಿ ಯಾವುದಕ್ಕೂ ಬೇಲಿಯನ್ನು ಪೂರ್ತಿ ಕಿತ್ತು ಹಾಕಬೇಕಾಗಿಲ್ಲ. ಎರಡನೆಯದು ದೊಡ್ಡದು, ಅದಕ್ಕೆ ಕಾರಣ ಪಟ್ಟಿಯಲ್ಲೇ ಇಲ್ಲದ ಏಳನೆಯ ದೋಷ: ಗೇಟಿಗೆ ಒರಗಿಸಿದ ಆ ಇಟ್ಟಿಗೆ. ತಪಾಸಕರು ಬಂದ ದಿನ ಅದು ಅಲ್ಲಿರಲಿಲ್ಲ, ಹಾಗಾಗಿ ಬರೆದಿಲ್ಲ.

ಮುಂದೆ ಓದುವ ಮುಂಚೆ ಎದ್ದುಹೋಗಿ ಮೂರು ಕೆಲಸ ಮಾಡಿ ಬನ್ನಿ. ಇಟ್ಟಿಗೆಯನ್ನು ಹಿತ್ತಲಿಂದಲೇ ಹೊರಗೆ ಹಾಕಿ. ತುಳಸಿ ಕುಂಡವನ್ನು ಬೇಲಿಯಿಂದ ದೂರ ಸರಿಸಿ. ಬೇಲಿಯ ಬಳಿ ಪ್ಲಾಸ್ಟಿಕ್ ಕುರ್ಚಿ, ಮಗುವಿನ ಸೈಕಲ್ಲು, ಕೌನ್ಸಿಲ್‌ನವರು (ಇಲ್ಲಿನ ಪುರಸಭೆ) ಕೊಟ್ಟ ಕಸದ ವೀಲಿ ಬಿನ್ ಇದ್ದರೆ ಅವನ್ನೂ ಎತ್ತಿಡಿ. ಇದಕ್ಕೆ ಯಾರ ಸರ್ಟಿಫಿಕೇಟೂ ಬೇಡ.

ಮನೆಯಲ್ಲಿ ನಡೆಯುತ್ತಿರುವ ವಾದಗಳು

ಮಾವನವರ ಮಾತಿನಿಂದಲೇ ಶುರು ಮಾಡೋಣ. ಬಹಳ ಮನೆಗಳಲ್ಲಿ ಹಿರಿಯರು ಹೀಗೇ ಹೇಳುತ್ತಾರೆ, ಅದನ್ನು ತಳ್ಳಿಹಾಕುವ ಮುಂಚೆ ಅದರಲ್ಲಿರುವ ನಿಜವನ್ನು ನೋಡಬೇಕು. ಕೆರೆಯ ದಂಡೆ ಇಳಿಜಾರು. ಮೊದಲು ಪಾದ ಮುಳುಗುತ್ತದೆ, ಆಮೇಲೆ ಮೊಣಕಾಲು. ಕಲ್ಯಾಣಿಗೆ ಮೆಟ್ಟಿಲಿರುತ್ತದೆ. ಅಲ್ಲಿ ಬಟ್ಟೆ ಒಗೆಯುವವರು, ದನ ತೊಳೆಯುವವರು, ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಹಾಗಿದ್ದೂ ಕೆರೆಗಳು ಮಕ್ಕಳನ್ನು ನುಂಗಿದ್ದು ಅವರಿಗೂ ಗೊತ್ತು. ಹಿತ್ತಲಿನ ಪೂಲ್‌ನಲ್ಲಿ ಇಳಿಜಾರಿಲ್ಲ. ಅಂಚಿನಿಂದ ಒಂದು ಹೆಜ್ಜೆ ತಪ್ಪಿದರೆ ನೀರು ಮಗುವಿನ ತಲೆಗಿಂತ ಮೇಲೆ. ಗೋಡೆ ನುಣುಪು, ಹಿಡಿಯಲು ಏನೂ ಸಿಗದು. ಮನೆಯ ಹಿಂದೆ ಯಾರೂ ಓಡಾಡುವುದಿಲ್ಲ. ಹೋಲಿಸುವುದಾದರೆ ಕೆರೆಗಿಂತ ಕೃಷಿ ಹೊಂಡ ಹತ್ತಿರದ ಹೋಲಿಕೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ಬಿದ್ದರೆ ಈಜು ಬಲ್ಲವನೂ ಜಾರಿ ಜಾರಿ ಮೇಲೆ ಬರಲಾರ. ಅದಕ್ಕೇ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಸುತ್ತಿನ ತಂತಿಬೇಲಿಗೂ ಸಹಾಯಧನ ಸೇರಿದೆ. ಮಾವನವರಿಗೆ ಈ ಉದಾಹರಣೆ ಕೊಟ್ಟು ನೋಡಿ, ಬೇಗ ಒಪ್ಪುತ್ತಾರೆ.

“ನಾವು ಕಣ್ಣಿಟ್ಟಿರ್ತೀವಲ್ಲ” ಎಂಬ ಮಾತು ನಿಮ್ಮ ಪತ್ರದಲ್ಲಿಲ್ಲ, ಆದರೆ ಮನೆಯಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ. ಈಜಲು ಇಳಿದಾಗ ಎಲ್ಲರೂ ಕಣ್ಣಿಟ್ಟೇ ಇರುತ್ತಾರೆ. ಆಸ್ಟ್ರೇಲಿಯಾದಲ್ಲಿ ಐದು ವರ್ಷದೊಳಗಿನ ಮಕ್ಕಳು ಹೆಚ್ಚಾಗಿ ಮುಳುಗುವುದು ಹಿತ್ತಲಿನ ಪೂಲ್‌ನಲ್ಲಿ, ಅದೂ ಅನೇಕ ಸಲ ಯಾರೂ ಈಜುವ ಯೋಚನೆಯಲ್ಲೇ ಇಲ್ಲದಾಗ. ಮನೆಯಲ್ಲಿ ಜನ ಜಾಸ್ತಿ ಇದ್ದಾಗ ಅಪಾಯ ಕಡಿಮೆ ಎನಿಸುತ್ತದೆ, ಆದರೆ ಮಗು ಅಜ್ಜಿ ಹತ್ತಿರ ಇದೆ ಎಂದು ಅಮ್ಮ, ಅಮ್ಮನ ಹತ್ತಿರ ಇದೆ ಎಂದು ಅಜ್ಜಿ ಅಂದುಕೊಳ್ಳುವ ಐದು ನಿಮಿಷಗಳೂ ಆಗಲೇ ಜಾಸ್ತಿ. ಇಷ್ಟು ಚಿಕ್ಕ ಮಕ್ಕಳು ಮುಳುಗುವಾಗ ಕೂಗುವುದಿಲ್ಲ, ನೀರು ಬಡಿಯುವುದೂ ಕಡಿಮೆ. ತಲೆಯ ಭಾರ ಹೆಚ್ಚು, ಮುಖ ಕೆಳಗಾಗಿ ಬಿದ್ದರೆ ತಾವಾಗಿ ತಿರುಗಿಕೊಳ್ಳಲಾರರು. ಆಮ್ಲಜನಕವಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ಮೆದುಳಿಗೆ ಶಾಶ್ವತ ಹಾನಿ ಶುರುವಾಗುತ್ತದೆ. ಬೇಲಿಯ ಕೆಲಸ ಆ ನಿಮಿಷಗಳನ್ನು ನಿಮಗೆ ಉಳಿಸಿಕೊಡುವುದು. ಯಾವ ಬೇಲಿಯೂ ಮಗುವನ್ನು ಎಂದೆಂದಿಗೂ ತಡೆಯುವುದಿಲ್ಲ, ಅದಕ್ಕೇ ಕಣ್ಣೂ ಬೇಕು, ಬೇಲಿಯೂ ಬೇಕು.

ಅಕ್ಕ ಹೇಳಿದ್ದು ಅವರ ಊರಿಗೆ ಸರಿ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ, 2018ರಿಂದ, ಹೊಸದಾಗಿ ಕಟ್ಟುವ ಅಥವಾ ದುರಸ್ತಿಗೆ ಪರವಾನಗಿ ಪಡೆಯುವ ಮನೆ ಪೂಲ್‌ಗೆ ಏಳು ಬಗೆಯ ರಕ್ಷಣೆಗಳಲ್ಲಿ ಕನಿಷ್ಠ ಎರಡು ಇರಬೇಕು. ಬೇಲಿ, ಸೇಫ್ಟಿ ಕವರ್, ಬಾಗಿಲಿನ ಅಲಾರಂ, ನೀರಿನ ಅಲಾರಂ ಇವೆಲ್ಲ ಆ ಏಳರೊಳಗೆ ಬರುತ್ತವೆ. ನೀವಿರುವುದು ನ್ಯೂ ಸೌತ್ ವೇಲ್ಸ್‌ನಲ್ಲಿ. ಇಲ್ಲಿನ 1992ರ ಸ್ವಿಮ್ಮಿಂಗ್ ಪೂಲ್ಸ್ ಆಕ್ಟ್ ಪ್ರಕಾರ ಕವರ್ ಆಗಲಿ ಅಲಾರಂ ಆಗಲಿ ಬೇಲಿಯ ಬದಲಿಗೆ ಸಲ್ಲುವುದಿಲ್ಲ. ಬೇಲಿ ಇದ್ದ ಮೇಲೆ ಹೆಚ್ಚುವರಿಯಾಗಿ ಹಾಕಿಸಿಕೊಳ್ಳಿ, ಬೇಡವೆನ್ನುವವರಿಲ್ಲ. ಆದರೆ ಬಿಸಿಲಿನಿಂದ ನೀರು ಆರದಂತೆ ಹಾಸುವ ಗುಳ್ಳೆಗುಳ್ಳೆ ಪ್ಲಾಸ್ಟಿಕ್ ಹೊದಿಕೆಯನ್ನು ಸೇಫ್ಟಿ ಕವರ್ ಎಂದುಕೊಳ್ಳಬೇಡಿ. ಮಗು ಅದರ ಮೇಲೆ ಕಾಲಿಟ್ಟರೆ ಹೊದಿಕೆ ಒಳಗೆ ಮಡಚಿಕೊಂಡು ಮಗುವನ್ನು ಸುತ್ತಿಕೊಳ್ಳುತ್ತದೆ, ಮೇಲಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಪೂಲ್ ಇಲ್ಲದೆ ಸ್ಪಾ ಮಾತ್ರ ಇರುವ ಮನೆಗಳಿಗೆ ನಿಯಮ ಸ್ವಲ್ಪ ಬೇರೆ: ಬಳಸದಾಗ ಮಕ್ಕಳು ತೆಗೆಯಲಾಗದಂತೆ ಬೀಗ ಹಾಕಿದ ಮುಚ್ಚಳ ಇದ್ದರೆ ಸಾಕು.

ಹಿತ್ತಲಿನಾಚೆಯ ಮನೆಯವರ ಪೂಲ್ ಬಹುಶಃ 1990ರ ಆಗಸ್ಟ್ 1ಕ್ಕಿಂತ ಮುಂಚಿನದು. ಅಷ್ಟು ಹಳೆಯ ಪೂಲ್‌ಗಳಲ್ಲಿ ಮನೆಯ ಗೋಡೆಯೇ ಒಂದು ಬದಿಯ ತಡೆ ಆಗಬಹುದು. ಆದರೆ ಗೋಡೆಯ ಬಾಗಿಲು ಕಿಟಕಿ ಹೇಗೆ ಬೇಕೋ ಹಾಗೆ ಇರುವಂತಿಲ್ಲ, ಮನೆಯಿಂದ ಮಗು ಹೊರಬರದಂತೆ ಅವನ್ನು ಕಟ್ಟುನಿಟ್ಟಾಗಿ ತಡೆದಿರಬೇಕು. ಅವರು ಮನೆ ಮಾರುವಾಗ ಅಥವಾ ಬಾಡಿಗೆಗೆ ಕೊಡುವಾಗ ಅವರಿಗೂ ತಪಾಸಣೆ ತಪ್ಪದು. ಆ ದಿನಾಂಕದ ನಂತರ ಕಟ್ಟಿದ ಪೂಲ್‌ಗೆ ಮನೆಯನ್ನೂ ಪೂಲ್ ಅನ್ನೂ ಬೇರ್ಪಡಿಸುವ ಬೇಲಿ ಬೇಕು. ಇದಕ್ಕೆ ಕಾರಣ ಸರಳ: ಮೂರು ಕಡೆ ಬೇಲಿ, ನಾಲ್ಕನೆಯ ಕಡೆ ಮನೆ ಎಂದರೆ ನೆರೆಯ ಮಕ್ಕಳಿಗೆ ತಡೆ, ಆ ಮನೆಯ ಮಗುವಿಗೆ ಮಾತ್ರ ತೆರೆದ ಬಾಗಿಲು. ಮೊದಲು 230 ಚದರ ಮೀಟರ್‌ಗಿಂತ ಸಣ್ಣ, 2 ಹೆಕ್ಟೇರಿಗಿಂತ ದೊಡ್ಡ ಮತ್ತು ನೀರಂಚಿನ ನಿವೇಶನಗಳಿಗೂ ವಿನಾಯಿತಿ ಇತ್ತು. 2010ರ ಜುಲೈ 1ರಿಂದ ಹೊಸ ಪೂಲ್‌ಗಳಿಗೆ ಅದೂ ಹೋಗಿದೆ. ನಿಮ್ಮದು 2015ರದು, ವಿನಾಯಿತಿಯ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ನೀರು ಖಾಲಿ ಮಾಡುವ ಉಪಾಯ. ಕಾನೂನು ನೋಡುವುದು ಈಗ ಎಷ್ಟು ನೀರಿದೆ ಎಂದಲ್ಲ, 300 ಮಿ.ಮೀ.ಗಿಂತ ಹೆಚ್ಚು ನೀರು ನಿಲ್ಲಬಲ್ಲದೇ ಎಂದು. ಖಾಲಿ ಪೂಲ್ ಕೂಡ ಪೂಲೇ. ಒಂದು ಜೋರು ಮಳೆ ಬಂದರೆ ಆಳದ ತುದಿಯಲ್ಲಿ ಕೆಸರು ನೀರು ನಿಲ್ಲುತ್ತದೆ, ಬಿದ್ದ ಮಗು ಅದರೊಳಗೆ ಕಾಣುವುದೂ ಇಲ್ಲ. ಇನ್ನೊಂದು ನಷ್ಟ ಹಣದ್ದು. ನೆಲದೊಳಗಿನ ಫೈಬರ್‌ಗ್ಲಾಸ್ ತೊಟ್ಟಿಯನ್ನು ಖಾಲಿ ಬಿಟ್ಟರೆ ಮಳೆಗಾಲದಲ್ಲಿ ಸುತ್ತಲಿನ ಅಂತರ್ಜಲದ ಒತ್ತಡಕ್ಕೆ ಅದು ದೋಣಿಯಂತೆ ಮೇಲೇಳಬಹುದು, ಕಾಂಕ್ರೀಟಿನದು ಬಿರುಕು ಬಿಡಬಹುದು. ನಿಮಗೆ ಪೂಲ್ ಬೇಡವೇ ಬೇಡ ಎಂದಾದರೆ ತಳಕ್ಕೆ ತೂತು ಹೊಡೆದು, ಮಣ್ಣು ತುಂಬಿಸಿ, ರಾಜ್ಯದ ಪೂಲ್ ರಿಜಿಸ್ಟರ್‌ನಿಂದ ತೆಗೆಸುವ ದಾರಿ ಇದೆ. ಮೊದಲು ಕೌನ್ಸಿಲ್ ಹತ್ತಿರ ಕೇಳಿ. ಅದು ನಾಚಿಕೆಪಡುವ ತೀರ್ಮಾನವಲ್ಲ. ನಿಮ್ಮ ಮನೆಯಲ್ಲಿ ಈಜುವವರು ಎಷ್ಟು ಜನ ಎಂದು ಎಣಿಸಿ ನೋಡಿ.

ಆರು ದೋಷಗಳು

ನಿಮ್ಮ ಪೂಲ್‌ಗೆ ಅನ್ವಯಿಸುವುದು ಆಸ್ಟ್ರೇಲಿಯನ್ ಸ್ಟ್ಯಾಂಡರ್ಡ್ 1926.1ರ 2012ರ ಆವೃತ್ತಿ. ಬೇಲಿ ಹೊರಗಡೆಯ ನೆಲದಿಂದ ಕನಿಷ್ಠ 1200 ಮಿ.ಮೀ. ಎತ್ತರ ಇರಬೇಕು. ನೆಟ್ಟಗಿನ ಸರಳುಗಳ ನಡುವಿನ ಸಂದು ಮತ್ತು ಬೇಲಿಯ ಕೆಳಗಿನ ಸಂದು 100 ಮಿ.ಮೀ. ಮೀರಬಾರದು. ಗೇಟು ಪೂಲ್‌ನಿಂದ ಹೊರಗಡೆಗೆ ತೆರೆಯಬೇಕು, ತಾನಾಗಿ ಮುಚ್ಚಿ ತಾನಾಗಿ ಚಿಲಕ ಬೀಳಬೇಕು.

ಗೇಟಿನ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ತಪಾಸಣೆಯಲ್ಲಿ ಹೆಚ್ಚು ಫೇಲಾಗುವುದು ಅದೇ, ಕೆಟ್ಟದ್ದು ಗೊತ್ತಾಗದೆ ಕೆಡುವುದೂ ಅದೇ. ಬೇಲಿಯಲ್ಲಿ ಚಲಿಸುವ ಭಾಗ ಅದೊಂದೇ ತಾನೆ. ಪರೀಕ್ಷೆ ಹೀಗೆ: ಗೇಟನ್ನು ಪೂರ್ತಿ ತೆರೆದು ಕೈ ಬಿಡಿ. ಆಮೇಲೆ ಅರ್ಧ ತೆರೆದು ಬಿಡಿ. ಆಮೇಲೆ ಚಿಲಕದ ನಾಲಿಗೆ ಇನ್ನೇನು ತಾಗುತ್ತಿದೆ ಎನ್ನುವ ಜಾಗದಲ್ಲಿ, ಒಂದು ಬೆರಳಿನಷ್ಟೇ ಸಂದಿಯಲ್ಲಿ, ನಿಧಾನ ಬಿಡಿ. ಹೆಚ್ಚಿನ ಗೇಟುಗಳು ಮೊದಲ ಎರಡರಲ್ಲಿ ಪಾಸಾಗಿ ಮೂರನೆಯದರಲ್ಲಿ ಸೋಲುತ್ತವೆ. ದೂರದಿಂದ ಬರುವಾಗಿನ ವೇಗ ಚಿಲಕವನ್ನು ಬೀಳಿಸುತ್ತದೆ, ಹತ್ತಿರದಿಂದ ಬಿಟ್ಟಾಗ ಸ್ಪ್ರಿಂಗಿನ ನಿಜವಾದ ಬಲ ಗೊತ್ತಾಗುತ್ತದೆ. ಮುಚ್ಚಿದಂತೆ ಕಾಣುತ್ತಾ ಚಿಲಕ ಬೀಳದ ಗೇಟು ತೆರೆದ ಗೇಟಿಗಿಂತ ಮೋಸ. ತೆರೆದದ್ದನ್ನು ಯಾರಾದರೂ ನೋಡಿ ಮುಚ್ಚುತ್ತಾರೆ.

ಚಿಲಕ ಬೀಳದಿರಲು ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ. ಕೀಲಿನ ಸ್ಪ್ರಿಂಗ್ ಸಡಿಲವಾಗಿರಬಹುದು. ಪೂಲ್ ಗೇಟಿನ ಕೀಲುಗಳ ತಲೆಯಲ್ಲಿ ಸ್ಕ್ರೂಡ್ರೈವರಿನಿಂದ ತಿರುಗಿಸಿ ಬಿಗಿ ಮಾಡುವ ವ್ಯವಸ್ಥೆ ಇರುತ್ತದೆ. ಮೇಲಿನ ಮತ್ತು ಕೆಳಗಿನ ಕೀಲನ್ನು ಒಂದೊಂದೇ ಹಲ್ಲು, ಸಮನಾಗಿ ತಿರುಗಿಸುತ್ತಾ ಪ್ರತಿ ಸಲ ಪರೀಕ್ಷೆ ಮಾಡಿ. ಅತಿ ಬಿಗಿ ಮಾಡಿದರೆ ಗೇಟು ಬಡಿದು ಪುಟಿದು ಹಿಂದೆ ಬರುತ್ತದೆ, ಆಗಲೂ ಚಿಲಕ ಬೀಳದು. ಎರಡನೆಯದು, ಗೇಟು ಜೋತುಬಿದ್ದು ಚಿಲಕ ಮತ್ತು ಅದು ಕೂರುವ ಭಾಗ ಮೇಲೆಕೆಳಗಾಗಿರಬಹುದು. ಮ್ಯಾಗ್ನೆಟ್ ಚಿಲಕವಾದರೆ ಸ್ಕ್ರೂ ಸಡಿಲಿಸಿ ಮೇಲೆಕೆಳಗೆ ಸರಿಸಬಹುದು. ಮಕ್ಕಳು ಗೇಟಿಗೆ ಜೋತುಬಿದ್ದು ಆಡುವ ಮನೆಗಳಲ್ಲಿ ಅಲ್ಯೂಮಿನಿಯಂ ಕೊಳವೆಯೊಳಗಿನ ಸ್ಕ್ರೂ ಹಿಡಿತವೇ ಹೋಗಿರುತ್ತದೆ. ಮೂರನೆಯದು ಕಂಬ. ಪಶ್ಚಿಮ ಸಿಡ್ನಿಯ ಜೇಡಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಅದರ ಜೊತೆ ಕಂಬವೂ ವಾಲುತ್ತದೆ. ಕೀಲಿರುವ ಕಂಬವನ್ನು ಅಂಗೈಯಿಂದ ಒತ್ತಿ ನೋಡಿ. ಅಲುಗಾಡಿದರೆ ಕೀಲು ತಿರುಗಿಸಿ ಫಲವಿಲ್ಲ, ಇವತ್ತು ಸರಿಹೋದದ್ದು ಮುಂದಿನ ಮಳೆಗೆ ಮತ್ತೆ ತಪ್ಪುತ್ತದೆ. ಬುಡ ಬಗೆದು ಹೊಸದಾಗಿ ಕಾಂಕ್ರೀಟ್ ಹಾಕಿಸಬೇಕು.

ಚಿಲಕದ ಗುಂಡಿ ನೆಲದಿಂದ ಕನಿಷ್ಠ 1500 ಮಿ.ಮೀ. ಇರಬೇಕು. ನಿಮ್ಮದು 60 ಕಡಿಮೆ. ಮೊದಲು ಸರಿಯಾಗಿಯೇ ಇದ್ದು, ಆಮೇಲೆ ಗೇಟಿನ ಮುಂದೆ ಪೇವರ್ ಕಲ್ಲು ಹಾಸಿ ನೆಲ ಮೇಲೆ ಬಂದಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಚಿಲಕವನ್ನು ಮೇಲೆ ಸರಿಸುವ ಮುಂಚೆ ಅಲ್ಲಿ ಗೇಟಿನ ಎತ್ತರವನ್ನೂ ಅಳೆಯಿರಿ, ಕಲ್ಲು ಗೇಟಿನಿಂದಲೂ ಅಷ್ಟೇ ಕದ್ದಿರುತ್ತದೆ. 1200 ಉಳಿದಿದ್ದರೆ ಚಿಲಕ ಸರಿಸಿದರೆ ಸಾಕು. ಉಳಿದಿಲ್ಲದಿದ್ದರೆ ಕಲ್ಲನ್ನು ಕೀಳಿಸುವುದೇ ಅಗ್ಗ.

ಬೇಲಿಯ ಕೆಳಗಿನ 130 ಮಿ.ಮೀ. ಸಂದಿಗೆ ಮಣ್ಣು ತುಂಬಿಸಿದರೆ ಅದು ಮೊದಲು ಕೊಚ್ಚಿಹೋದ ದಾರಿಯಲ್ಲೇ ಮತ್ತೆ ಹೋಗುತ್ತದೆ. ಸಡಿಲ ಕಲ್ಲು, ಇಟ್ಟಿಗೆ ಜೋಡಿಸಿಟ್ಟರೆ ಮಗು ಎಳೆದು ಹಾಕುತ್ತದೆ, ತಪಾಸಕರೂ ಒಪ್ಪುವುದಿಲ್ಲ. ಬೇಲಿಯ ಗೆರೆಗೆ ಒಂದು ಕಾಂಕ್ರೀಟ್ ಪಟ್ಟಿ ಹಾಕಿಸಿ. ಅದರ ಮೇಲ್ಮೈ ಸಮವಾಗಿರಲಿ, ಹೊರಗಡೆಗೆ ಮೆಟ್ಟಿಲಿನಂತೆ ಚಾಚಿಕೊಳ್ಳದಿರಲಿ.

ಗಡಿ ಬೇಲಿಯ ಲೆಕ್ಕ ತಿರುಗುಮುರುಗು, ಅದಕ್ಕೇ ಜನ ಗೊಂದಲಗೊಳ್ಳುತ್ತಾರೆ. ನೆರೆಯವರ ಜೊತೆ ಹಂಚಿಕೊಂಡ ಬೇಲಿಯನ್ನೇ ಪೂಲ್ ತಡೆಯಾಗಿ ಬಳಸಿದರೆ ಅದು 1800 ಮಿ.ಮೀ. ಇರಬೇಕು, ಅದನ್ನು ಅಳೆಯುವುದು ಒಳಗಡೆಯಿಂದ, ನಿಮ್ಮ ನೆಲದಿಂದ. ನೆರೆಯವರು ತಮ್ಮ ಕಡೆ ಮರ ಬೆಳೆಸುತ್ತಾರೋ, ಟ್ರ್ಯಾಂಪೊಲಿನ್ ಇಡುತ್ತಾರೋ ನಿಮ್ಮ ಕೈಲಿಲ್ಲ. ಅವರ ಮಗು ಮೇಲೆ ಹತ್ತಿದರೂ ಈಚೆ ಇಳಿಯಲು ಕಾಲಿಡುವ ಜಾಗ ಸಿಗಬಾರದು ಎಂಬುದು ತರ್ಕ. ಹಾಗಾಗಿ ಒಳಬದಿಯಲ್ಲಿ ಬೇಲಿಯ ತುದಿಯಿಂದ ಕೆಳಕ್ಕೆ 900 ಮಿ.ಮೀ.ವರೆಗೆ ಕೊಂಬೆ, ಅಡ್ಡಪಟ್ಟಿ, ಎತ್ತರದ ಫಿಲ್ಟರ್ ತೊಟ್ಟಿ ಯಾವುದೂ ಹತ್ತಿರ ಇರುವಂತಿಲ್ಲ. ನಿಮ್ಮ 1620ಕ್ಕೆ 180 ಸೇರಿಸಿದರೆ ಸರಿಯಾಗಿ 1800. ಎಂದರೆ ಬೇಲಿ ಗಿಡ್ಡವಲ್ಲ, ಯಾರೋ ಬುಡಕ್ಕೆ ಮಣ್ಣೇರಿಸಿ ಗಿಡದ ಪಾತಿ ಮಾಡಿದ್ದಾರೆ ಎನಿಸುತ್ತದೆ. ಬೇಲಿಯಿಂದ 900 ಮಿ.ಮೀ. ಅಗಲದ ಮಣ್ಣನ್ನು ಮೊದಲಿನ ಮಟ್ಟಕ್ಕೆ ತೆಗೆದರೆ ಮುಂದೆ ಮಾತೇ ಇರದು. ಇನ್ನೊಂದು ಲಾಭವೂ ಇದೆ: ಕಲರ್‌ಬಾಂಡ್ ತಗಡಿನ ಬೇಲಿಗೆ ಹಸಿ ಮಣ್ಣು ಒತ್ತಿಕೊಂಡಿದ್ದರೆ ಬುಡದಿಂದ ತುಕ್ಕು ಹಿಡಿಯುತ್ತದೆ. ಬದಲಿಗೆ ಬೇಲಿಯನ್ನೇ ಎತ್ತರಿಸುತ್ತೇವೆ ಎಂದು ಹೊರಟರೆ ನೆರೆಯವರ ಒಪ್ಪಿಗೆ, ಕೌನ್ಸಿಲ್ ನಿಯಮ, ಗಡಿ ಬೇಲಿಗಳ ಕಾನೂನಾದ 1991ರ ಡಿವೈಡಿಂಗ್ ಫೆನ್ಸಸ್ ಆಕ್ಟ್ ಎಲ್ಲ ಬರುತ್ತವೆ. 90 ದಿನದಲ್ಲಿ ಮುಗಿಯುವ ದಾರಿ ಅದಲ್ಲ. ಗುದ್ದಲಿ ಹಿಡಿಯಿರಿ.

ಕಿಟಕಿಗೆ ಎರಡು ದಾರಿ. ಕಿಟಕಿಯ ತೆರೆಯುವ ಭಾಗ ಪೂಲ್ ಕಡೆಯ ನೆಲದಿಂದ 1800 ಮಿ.ಮೀ.ಗಿಂತ ಕೆಳಗಿದ್ದರೆ, 100 ಮಿ.ಮೀ.ಗಿಂತ ಹೆಚ್ಚು ತೆರೆಯದಂತೆ ಗಟ್ಟಿ ತಡೆ ಹಾಕಬೇಕು, ಇಲ್ಲವೇ ಸರಳು ಅಥವಾ ಭದ್ರ ಜಾಲರಿಯನ್ನು ಸ್ಕ್ರೂ ಹೊಡೆದು ಕೂರಿಸಬೇಕು. ಸೊಳ್ಳೆ ಪರದೆಯ ಚೌಕಟ್ಟು ಲೆಕ್ಕಕ್ಕಿಲ್ಲ, ಮಗು ಒರಗಿದರೆ ಕಳಚಿ ಬೀಳುತ್ತದೆ. ಒಗ್ಗರಣೆಯ ಹೊಗೆ ಹೋಗಲು ಕಿಟಕಿ ಪೂರ್ತಿ ತೆರೆಯಬೇಕು ಎನ್ನುವ ಮನೆಗಳಿಗೆ ಜಾಲರಿಯೇ ವಾಸಿ. 100 ಮಿ.ಮೀ. ತಡೆ ಹಾಕಿದವರು ನಾಲ್ಕು ದಿನಕ್ಕೆ ಅದನ್ನು ಕಿತ್ತಿಟ್ಟಿರುತ್ತಾರೆ.

ಬೋರ್ಡು ಹೊಸದು ತಗೊಳ್ಳಿ. ಕನಿಷ್ಠ 300 ಮಿ.ಮೀ. ಚೌಕ, 3 ಮೀಟರ್ ದೂರದಿಂದ ಓದುವಂತಿರಬೇಕು. ಸಿಪಿಆರ್ ಹಂತಗಳ ಜೊತೆ ಮಕ್ಕಳ ಮೇಲೆ ನಿಗಾ ಇಡಿ, ಗೇಟು ಸದಾ ಮುಚ್ಚಿರಲಿ, ಬೇಲಿಯಿಂದ 900 ಮಿ.ಮೀ. ಜಾಗ ಖಾಲಿ ಬಿಡಿ ಎಂಬ ಮೂರು ಸೂಚನೆ ಅದರಲ್ಲಿರಬೇಕು. ಹಳೆಯ ಬೋರ್ಡುಗಳಲ್ಲಿ ಇವಿಲ್ಲದೆ ಫೇಲಾಗುವುದುಂಟು.

ತುಳಸಿ ಕುಂಡ, ಇಟ್ಟಿಗೆ, ಬಟ್ಟೆ ತಂತಿ

ಆ 900 ಮಿ.ಮೀ. ಏನು ಎಂದು ಕಣ್ಣಾರೆ ನೋಡಬೇಕಾದರೆ ಒಂದು ದಾರ ತಗೊಳ್ಳಿ. 900 ಮಿ.ಮೀ. ಉದ್ದಕ್ಕೆ ಕತ್ತರಿಸಿ. ಒಂದು ತುದಿಯನ್ನು ಬೇಲಿಯ ನೆತ್ತಿಗೆ ಒತ್ತಿ ಹಿಡಿದು, ದಾರವನ್ನು ಬಿಗಿಯಾಗಿ ಹೊರಗಡೆಗೆ ಅಡ್ಡಡ್ಡ ಚಾಚಿ, ಅಲ್ಲಿಂದ ನಿಧಾನ ಕೆಳಕ್ಕೆ ಬೇಲಿಗೆ ತಾಗುವವರೆಗೆ ತನ್ನಿ. ಆ ಕಾಲುವೃತ್ತದೊಳಗೆ ಕಾಲಿಡಲು, ಕೈ ಹಿಡಿಯಲು ಆಗುವ ಏನೂ ಇರಬಾರದು. 1200ರ ಬೇಲಿಯಲ್ಲಿ, ಅರ್ಧ ಮೀಟರ್ ದೂರದಲ್ಲಿಟ್ಟ ವಸ್ತು ಸುಮಾರು 450 ಮಿ.ಮೀ.ಗಿಂತ ಎತ್ತರವಿದ್ದರೆ ವೃತ್ತದೊಳಗೆ ಬಂದಂತೆ. ಒಂದು ದೊಡ್ಡ ಕುಂಡ, ಸ್ಟೂಲು, ಪ್ಲಾಸ್ಟಿಕ್ ಕುರ್ಚಿಯ ಕೈ ಎಲ್ಲ ಅಷ್ಟಿರುತ್ತವೆ. ಆದರೆ ಮನೆಯವರು ದಿನಾ ದಾರ ಹಿಡಿದು ಲೆಕ್ಕ ಹಾಕುವುದು ಆಗದ ಮಾತು. ಬೇಲಿಯ ಉದ್ದಕ್ಕೂ ಹೊರಗೆ ಒಂದು ಮೀಟರ್ ಅಗಲ ಖಾಲಿ ಬಿಡಿ, ಬೇಕಿದ್ದರೆ ಜಲ್ಲಿ ಹಾಸಿ ಗುರುತು ಮಾಡಿ. ಅತ್ತೆಯವರಿಗೆ ಹೇಳುವಾಗ “ಇಲ್ಲಿ ರಂಗೋಲಿ ಹಾಕಬಹುದು, ಕುಂಡ ಇಡೋ ಹಾಗಿಲ್ಲ” ಎಂದರೆ ಅಳತೆ ನೆನಪಿರುತ್ತದೆ. ಆಸ್ಟ್ರೇಲಿಯಾದಲ್ಲಿ ಬಿಸಿಲು ಉತ್ತರದ ಕಡೆಯಿಂದ ಬೀಳುತ್ತದೆ. ಹಿತ್ತಲಿನ ಉತ್ತರಕ್ಕೆ ಮುಖವಿರುವ ಗೋಡೆಯ ಮುಂದೆ ತುಳಸಿ ಬೇಲಿಗಿಂತ ಚೆನ್ನಾಗಿ ಬರುತ್ತದೆ.

ಬೇಲಿಯ ಒಳಬದಿಯನ್ನೂ ಮರೆಯಬೇಡಿ. ಸರಳುಗಳ ನಡುವೆ 10 ಮಿ.ಮೀ.ಗಿಂತ ಹೆಚ್ಚು ಸಂದು ಇರುವ ಬೇಲಿಯಾದರೆ ಒಳಗೂ 300 ಮಿ.ಮೀ. ಜಾಗ ಖಾಲಿ ಇರಬೇಕು, ಮಗು ಕಾಲು ತೂರಿಸಿ ಒಳಗಿನ ವಸ್ತುವಿನ ಮೇಲೆ ಮೆಟ್ಟದಂತೆ.

ಇಟ್ಟಿಗೆಯ ವಿಷಯದಲ್ಲಿ ಅತ್ತೆಯವರನ್ನು ಗದರಿದರೆ ಉಪಯೋಗವಿಲ್ಲ. ಅವರು ಇಟ್ಟಿಗೆ ಇಡುವುದು ಉಡಾಫೆಯಿಂದಲ್ಲ, ನೋಯುವ ಭುಜದಿಂದ ದಿನಕ್ಕೆ ನಾಲ್ಕು ಸಲ ಅಷ್ಟೆತ್ತರದ ಗುಂಡಿ ಎಳೆಯಲಾರದೆ. ಕಾರಣವನ್ನೇ ತೆಗೆಯಿರಿ: ಬಟ್ಟೆ ತಂತಿಯನ್ನು ಪೂಲ್ ಆವರಣದಿಂದ ಹೊರಗೆ ತನ್ನಿ. ಗೋಡೆಗೆ ಕೂರಿಸಿ ಮಡಚುವ ತಂತಿ ಸಿಗುತ್ತದೆ. ಈಜಿಗೆ ಸಂಬಂಧವಿಲ್ಲದ ಬಟ್ಟೆ ತಂತಿ, ಬಾರ್ಬೆಕ್ಯೂ, ಆಟದ ಸಾಮಾನು, ಗುದ್ದಲಿ ಪಿಕಾಸಿಯ ಶೆಡ್ ಬೇಲಿಯೊಳಗಿದ್ದಷ್ಟೂ ಗೇಟು ತೆರೆಯುವ ಸಲಗಳು ಹೆಚ್ಚುತ್ತವೆ. ಮಗುವಿನ ಚೆಂಡು ಒಳಗಿದ್ದರೆ ಮಗುವಿಗೂ ಒಳಗೆ ಹೋಗಲು ಕಾರಣ ಸಿಕ್ಕಂತೆ.

ಎತ್ತರ ಕಡಿಮೆ ಇರುವ ಚಿಲಕಕ್ಕೆ ಸ್ಟ್ಯಾಂಡರ್ಡಿನಲ್ಲಿ ಒಂದು ದಾರಿ ಇದೆ. ಚಿಲಕವನ್ನು ಗೇಟಿನ ಒಳಬದಿಯಲ್ಲಿ, ಗೇಟಿನ ನೆತ್ತಿಯಿಂದ ಕನಿಷ್ಠ 150 ಮಿ.ಮೀ. ಕೆಳಗೆ ಕೂರಿಸಿ, ಅದರ ಸುತ್ತ 450 ಮಿ.ಮೀ. ತ್ರಿಜ್ಯದಲ್ಲಿ 10 ಮಿ.ಮೀ.ಗಿಂತ ದೊಡ್ಡ ಸಂದು ಇಲ್ಲದಂತೆ ಹಾಳೆ ಮುಚ್ಚಬೇಕು. ಕೈ ತೂರಿಸುವ ಕಿಂಡಿ ಮಾಡಿದರೆ ಅದು ನೆಲದಿಂದ 1200ಕ್ಕಿಂತ ಕೆಳಗಿರಬಾರದು. ಆದರೆ ನಿಮ್ಮ ಅತ್ತೆಗೆ ಇದನ್ನು ಸೂಚಿಸಲಾರೆ. ಗೇಟಿನ ಮೇಲಿಂದ ಕೈ ಬಗ್ಗಿಸಿ ಕೆಳಗೆ ತಡಕುವುದು ನೋಯುವ ಭುಜಕ್ಕೆ ಇನ್ನೂ ಕಷ್ಟ. ಗೇಟನ್ನು ತೆರೆದಿಡುವುದು ಇಲ್ಲಿ ದಂಡಕ್ಕೂ ದಾರಿ: ಸ್ಥಳದಲ್ಲೇ 550 ಡಾಲರ್, ನ್ಯಾಯಾಲಯಕ್ಕೆ ಹೋದರೆ 5,500 ಡಾಲರ್‌ವರೆಗೆ.

90 ದಿನವನ್ನು ಹೀಗೆ ಹಂಚಿಕೊಳ್ಳಿ

ಲೆಕ್ಕ ಶುರುವಾಗುವುದು ಸೆಟಲ್‌ಮೆಂಟ್ ದಿನದಿಂದ. ನಿಮಗಾಗಲೇ ಒಂದು ತಿಂಗಳು ಕಳೆದಿದೆ. ಈ ವಾರ ರಾಜ್ಯದ ಸ್ವಿಮ್ಮಿಂಗ್ ಪೂಲ್ ರಿಜಿಸ್ಟರ್‌ನಲ್ಲಿ ನಿಮ್ಮ ಪೂಲ್ ದಾಖಲಾಗಿದೆಯೇ, ವಿವರ ಸರಿ ಇದೆಯೇ ನೋಡಿ. ಅದೇ ವಾರ ಮಣ್ಣು, ಬೋರ್ಡು, ಕುಂಡ, ತಂತಿ ಮುಗಿಸಿ, ಇವಕ್ಕೆ ಯಾರನ್ನೂ ಕಾಯಬೇಕಿಲ್ಲ. ಗೇಟು, ಕಂಬ, ಕಾಂಕ್ರೀಟ್ ಪಟ್ಟಿಗೆ ಪೂಲ್ ಬೇಲಿ ಕೆಲಸ ಗೊತ್ತಿರುವವರನ್ನೇ ಕರೆಸಿ. ಸಾಮಾನ್ಯ ಹ್ಯಾಂಡಿಮ್ಯಾನ್ ಗೇಟನ್ನು ಒಳಗಡೆಗೆ ತೆರೆಯುವಂತೆ ಕೂರಿಸಿ ಹೋಗುವುದುಂಟು. ಬೇಸಿಗೆ ಹತ್ತಿರವಾದಂತೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಇವರು ಸಿಗುವುದು ಕಷ್ಟ. ಲೋಹದ ಕಂಬ ಹೊಸದಾಗಿ ನೆಡಿಸುತ್ತಿದ್ದು ಅದು ನೀರಿನ ಅಂಚಿಗೆ ಸುಮಾರು 1.25 ಮೀಟರಿನೊಳಗೆ ಬಂದರೆ ಅದನ್ನು ಪೂಲ್‌ನ ಅರ್ತಿಂಗಿಗೆ ಜೋಡಿಸಬೇಕೇ ಎಂದು ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ನೋಡಬೇಕು. ಇದ್ದಕ್ಕಿದ್ದಂತೆ ಗಾಜಿನ ಬೇಲಿ ಹಾಕಿಸೋಣ ಎಂಬ ಆಸೆ ಬಂದರೆ ಸದ್ಯಕ್ಕೆ ಬಿಡಿ. ಟಫನ್ ಮಾಡಿದ ಗಾಜನ್ನು ಆಮೇಲೆ ಕತ್ತರಿಸಲಾಗದು, ಅಳತೆ ತಪ್ಪಿದರೆ ಹೊಸದಾಗಿ ತರಿಸುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ತಪಾಸಕರನ್ನು ಕರೆಯುವ ಮುಂಚೆ ನೀವೇ ಒಂದು ಸುತ್ತು ಬನ್ನಿ. ದಪ್ಪ ರಟ್ಟನ್ನು 100 ಮಿ.ಮೀ. ಚೌಕವಾಗಿ ಕತ್ತರಿಸಿ ಪ್ರತಿ ಸಂದಿಗೂ ಹಿಡಿಯಿರಿ, ಆರಾಮವಾಗಿ ತೂರಿದರೆ ಆ ಸಂದು ದೊಡ್ಡದು. ಸರಳನ್ನು ಕೈಯಿಂದ ಹಿಗ್ಗಿಸಿಯೂ ನೋಡಿ. ಟೇಪನ್ನು ಯಾವಾಗಲೂ ಹೊರಗಡೆಯ ನೆಲಕ್ಕೆ ತಾಗಿಸಿ ಅಳೆಯಿರಿ, ಗಡಿ ಬೇಲಿಯಲ್ಲಿ ಮಾತ್ರ ಒಳಗಡೆ. ಆಮೇಲೆ ಕೌನ್ಸಿಲ್ ಅಥವಾ ನೋಂದಾಯಿತ ಖಾಸಗಿ ತಪಾಸಕರಿಂದ ತಪಾಸಣೆ. ಗಡುವಿಗೆ ಮೂರು ವಾರ ಇರುವಾಗಲೇ ಬರಹೇಳಿ, ಏನಾದರೂ ಉಳಿದಿದ್ದರೆ ಮತ್ತೊಮ್ಮೆ ಕರೆಸಲು ಸಮಯವಿರುತ್ತದೆ. ಪಾಸಾದ ಸರ್ಟಿಫಿಕೇಟ್ ಮೂರು ವರ್ಷ ನಡೆಯುತ್ತದೆ. ಅಷ್ಟರಲ್ಲಿ ಕೀಲು ಸಡಿಲವಾದರೆ ಸರ್ಟಿಫಿಕೇಟ್ ಹೇಳುವುದಿಲ್ಲ, ತಿಂಗಳಿಗೊಮ್ಮೆ ಗೇಟಿನ ಆ ಮೂರು ಪರೀಕ್ಷೆ ಮಾಡಿ. ಮೆಲ್ಬರ್ನ್, ಬ್ರಿಸ್ಬೇನ್‌ನಲ್ಲಿ ಇದನ್ನು ಓದುತ್ತಿರುವವರು ಗಮನಿಸಿ: ಕಾಗದಪತ್ರ, ಗಡುವು, ದಂಡ ರಾಜ್ಯದಿಂದ ರಾಜ್ಯಕ್ಕೆ ಬೇರೆ, ನಿಮ್ಮ ಕೌನ್ಸಿಲ್‌ನಲ್ಲೇ ಕೇಳಬೇಕು.

ದುರಸ್ತಿ ನಡೆಯುವಾಗ ಮೊಮ್ಮಗನಿಗೆಂದು ಅಜ್ಜ ಗಾಳಿ ತುಂಬುವ ಪೂಲ್ ತಂದರೆ ಅದರ ಗೋಡೆಯ ಎತ್ತರ ನೋಡಿ. 300 ಮಿ.ಮೀ.ಗಿಂತ ಹೆಚ್ಚು ನೀರು ನಿಲ್ಲುವಂತಿದ್ದರೆ ಅದಕ್ಕೂ ಇದೇ ಬೇಲಿ ಬೇಕು. ಚಿಕ್ಕದಾದರೆ ಆಟ ಮುಗಿದ ಕೂಡಲೇ ನೀರು ಚೆಲ್ಲಿ ಬೋರಲು ಹಾಕಿ.

ಕೊನೆಯದಾಗಿ ಅತ್ತೆ ಮಾವನವರಿಗಾಗಿ ಒಂದು ಕೆಲಸ. ಸಿಪಿಆರ್ ಬೋರ್ಡು ಇಂಗ್ಲಿಷಿನಲ್ಲಿದೆ. ಅದೇ ಹಂತಗಳನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ: ಮಗು ಕಾಣದಿದ್ದರೆ ಮೊದಲು ಪೂಲ್ ನೋಡಿ, ಆಮೇಲೆ ಮನೆಯೊಳಗೆ ಹುಡುಕಿ. ಮೇಲೆತ್ತಿ, ಜೋರಾಗಿ ಕೂಗಿ, ಉಸಿರಾಟ ನೋಡಿ. ಉಸಿರಿಲ್ಲದಿದ್ದರೆ 30 ಸಲ ಎದೆ ಒತ್ತಿ 2 ಸಲ ಬಾಯಿಯಿಂದ ಉಸಿರು ಕೊಡಿ, ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಮುಳುಗಿದವರಿಗೆ ಉಸಿರು ಕೊಡುವುದನ್ನು ಬಿಡಬಾರದು. ನೀವಿಬ್ಬರೂ ಒಂದು ಅರ್ಧ ದಿನದ ಪ್ರಥಮ ಚಿಕಿತ್ಸೆ ತರಗತಿಗೆ ಹೋಗಿ ಬಂದು ಅವರಿಗೆ ದಿಂಬಿನ ಮೇಲೆ ಮಾಡಿ ತೋರಿಸಿ. ಚೀಟಿಯ ಮೇಲ್ಗಡೆ ಎಲ್ಲಕ್ಕಿಂತ ದೊಡ್ಡದಾಗಿ ಆಂಬುಲೆನ್ಸ್ ನಂಬರು ಇರಲಿ. ಗಾಬರಿಯಲ್ಲಿ ಅವರ ಬೆರಳು 108 ಒತ್ತುತ್ತದೆ. ಇಲ್ಲಿ ಒತ್ತಬೇಕಾದ್ದು 000.